ತಾಂಡಾದವರು ಮೂರನೇ ಸಲ ಯಾಕೆ ಬರಲ್ಲ?

ಪ್ರಶ್ನೆ: ಮೇಡಂ, ನಾನು ವಿಜಯಪುರ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ಬಸುರಿಯರ ತಪಾಸಣೆ ಲೆಕ್ಕ ಒಟ್ಟಾರೆ ಚೆನ್ನಾಗಿದೆ. ಆದರೆ ತಾಂಡಾದ, ಅಂದರೆ ಲಂಬಾಣಿ ಜನರ ವಸತಿಯ ಹೆಣ್ಣುಮಕ್ಕಳು ಎರಡು ಸಲ ಬಂದು ಆಮೇಲೆ ಕಾಣಿಸಲ್ಲ. ‘ಅವರಿಗೆ ತಿಳಿವಳಿಕೆ ಇಲ್ಲ, ಶಿಬಿರ ಮಾಡಿ’ ಅಂತಾರೆ ಎಲ್ಲರೂ. ನನಗೆ ಸರಿಯಾಗಿ ಅಧ್ಯಯನ ಮಾಡುವ ಆಸೆ. ನೂರು ಮನೆಗೆ ಪ್ರಶ್ನಾವಳಿ ಹಂಚಿದರೆ ಸಾಕಾ?

ಉತ್ತರ: ಸಿಸ್ಟರ್, ಪ್ರಶ್ನಾವಳಿ ಸದ್ಯಕ್ಕೆ ಬೇಡ. ನರ್ಸಮ್ಮ ಕೇಳಿದರೆ ಅವರಿಗೆ ಇಷ್ಟವಾಗುವ ಉತ್ತರವನ್ನೇ ಜನ ಹೇಳುತ್ತಾರೆ. ಮೊದಲು ರಿಜಿಸ್ಟರ್ ತೆಗೆದು ಊರಿನ ಲೆಕ್ಕ ಬೇರೆ, ತಾಂಡಾದ್ದು ಬೇರೆ ಮಾಡಿ. ಊರಿನ 80 ಬಸುರಿಯರಲ್ಲಿ 76 ಜನ, ತಾಂಡಾದ 20ರಲ್ಲಿ 8 ಜನ ನಾಲ್ಕೂ ತಪಾಸಣೆ ಮುಗಿಸಿದ್ದಾರೆ ಅಂದುಕೊಳ್ಳಿ. ಒಟ್ಟು 100ಕ್ಕೆ 84. ತಾಂಡಾದ ಆ 12 ಜನ ಎಲ್ಲಿ ಹೋದರು? ನನಗೆ ಸಂಕಟವಾಗೋದು ಇಲ್ಲೇ.

ಆ 12 ಜನ ಕೊನೆಗೆ ಬಂದ ತಾರೀಖು ನೋಡಿ. ದೀಪಾವಳಿ ಆಸುಪಾಸಿನಲ್ಲಿ ನಿಂತಿದ್ದರೆ, ಕಬ್ಬು ಕಡಿಯಲು ಗ್ಯಾಂಗ್ ಜೊತೆ ಮಹಾರಾಷ್ಟ್ರಕ್ಕೆ ಹೋಗಿರಬಹುದು, ಆಗ ತಿಳಿವಳಿಕೆ ಶಿಬಿರ ಮಾಡಿ ಏನು ಉಪಯೋಗ, ಅಲ್ವಾ? ಆಶಾ ಕಾರ್ಯಕರ್ತೆ ಜೊತೆ ಹೋಗಿ ಅತ್ತೆಯಂದಿರ ಹತ್ತಿರ ಕೂತು ಮಾತಾಡಿ. ತಪಾಸಣೆಯ ವಿವರ ಬರೆದಿಡುವ ತಾಯಿ ಕಾರ್ಡನ್ನು ಸೊಸೆ ಒಯ್ದಳಾ, ಇಲ್ಲಾ ಟ್ರಂಕಿನಲ್ಲೇ ಇದೆಯಾ ಕೇಳಿ. ಕಾರ್ಡ್ ಇಲ್ಲದೆ ಹೋದವಳ ರಕ್ತ ಎಷ್ಟಿತ್ತು, ಯಾವ ಇಂಜೆಕ್ಷನ್ ಆಗಿದೆ ಅಂತ ಅಲ್ಲಿನವರಿಗೆ ಗೊತ್ತಾಗೋದು ಹೇಗೆ?

ಕಾರಣ ಸಿಕ್ಕಿದ ಮೇಲೆ ಒಂದೇ ಒಂದು ಬದಲಾವಣೆ ಮಾಡಿ. ಗ್ಯಾಂಗ್ ಹೊರಡುವ ಮುಂಚಿನ ವಾರ ಸಂಜೆ ತಾಂಡಾದಲ್ಲೇ ತಪಾಸಣೆ ಮಾಡಿ, ಕಬ್ಬಿಣದ ಮಾತ್ರೆ ಜಾಸ್ತಿ ಕೊಟ್ಟು, ಕಾರ್ಡ್ ಕೈಯಲ್ಲಿಟ್ಟು ಕಳಿಸಿ. ಒಂದೇ ತಾಂಡಾದಲ್ಲಿ ಶುರು ಮಾಡಿ. ಪಕ್ಕದ ತಾಂಡಾದ ಲೆಕ್ಕವನ್ನೂ ಬರೆದಿಡಿ, ಹೋಲಿಸಲು ಬೇಕು. ಫಲ ಕಾಣದಿದ್ದರೆ ವಿಧಾನ ಬದಲಿಸಿ ಮತ್ತೆ ನೋಡಿ.

ನಿಮ್ಮಂಥವರ ಕೈಯಿಂದ ದೊಡ್ಡ ಸಂಶೋಧನೆಯೇ ಆಗಿದೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಮನೆ ಮತ್ತು ಉಪಕೇಂದ್ರದ ಹೆರಿಗೆಗಳಲ್ಲಿ, ಎಎನ್‌ಎಂಗಳು (ಉಪಕೇಂದ್ರದ ಆರೋಗ್ಯ ಸಹಾಯಕಿಯರು) 1620 ತಾಯಂದಿರಿಗೆ ಮಾತ್ರೆ ಕೊಟ್ಟರು. ಅರ್ಧ ಜನಕ್ಕೆ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್, ಉಳಿದವರಿಗೆ ಔಷಧಿ ಇಲ್ಲದ ಅದೇ ಥರದ ಮಾತ್ರೆ. ಹೆರಿಗೆಯ ನಂತರದ ವಿಪರೀತ ರಕ್ತಸ್ರಾವ ಔಷಧಿ ಇಲ್ಲದ ಮಾತ್ರೆ ತಗೊಂಡವರಲ್ಲಿ 12 ಶೇಕಡಾ ಇತ್ತು, ಮಿಸೊಪ್ರೊಸ್ಟಾಲ್ ತಗೊಂಡವರಲ್ಲಿ 6.4 ಮಾತ್ರ. ಅಪಾಯ ಜಾಸ್ತಿ ಇದ್ದ ಜಾಗಕ್ಕೇ ಅಧ್ಯಯನ ಹೋಗಿತ್ತು, ಅದಕ್ಕೇ ನನಗೆ ಅದು ಅಷ್ಟು ಇಷ್ಟ.

ಕೇಂದ್ರದ ಕೆಲಸ ಸುಧಾರಿಸಲು ಮಾತ್ರ ಆದರೆ ವೈದ್ಯಾಧಿಕಾರಿಗೆ ಹೇಳಿ ಶುರು ಮಾಡಿ. ಮುಂದೆ ಪ್ರಕಟಿಸುವ ಯೋಚನೆ ಇದ್ದರೆ ಎಥಿಕ್ಸ್ ಕಮಿಟಿಯ (ಸಂಶೋಧನೆಯಿಂದ ಜನರಿಗೆ ಅನ್ಯಾಯ ಆಗದಂತೆ ನೋಡುವ ಸಮಿತಿ) ಒಪ್ಪಿಗೆ ಮೊದಲೇ ಪಡೆಯಿರಿ, ಮುಗಿಸಿ ಕೇಳಿದರೆ ಕೊಡಲ್ಲ.