ಮೋಟಾರ್ ಬೋಟ್ ಓಡಿಸಲು ಲೈಸೆನ್ಸ್ ಬೇಕಾ? ಓದುಗರ ಪ್ರಶ್ನೆಗಳು, ಬೋಟ್ ಕಲಿಸುವವರ ಉತ್ತರಗಳು

ಪ್ರಶ್ನೆ: ಮೇಡಂ, ಕಾರು ಓಡಿಸಿ ಚೆನ್ನಾಗಿ ಅಭ್ಯಾಸವಿದೆ. ಈಗ ಒಂದು ಚಿಕ್ಕ ಮೋಟಾರ್ ಬೋಟ್ ಕೊಳ್ಳುವ ಆಸೆ. ರಜೆಯ ದಿನ ಮನೆಯವರನ್ನು ಕೂರಿಸಿಕೊಂಡು ಸುತ್ತಾಡಬೇಕು, ಅಷ್ಟೇ. ಇದಕ್ಕೂ ಲೈಸೆನ್ಸ್ ಬೇಕಾ? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ ಅಂದರೆ ಆಶ್ಚರ್ಯವಿಲ್ಲ. ಅವರೆಲ್ಲ ತಮ್ಮ ತಮ್ಮ ಊರಿನ ಮಟ್ಟಿಗೆ ಸರಿಯಾಗಿಯೇ ಹೇಳುತ್ತಿರಬಹುದು. ಕಾರಿಗಾದರೆ ಎಲ್ಲಿ ಹೋದರೂ ಲೈಸೆನ್ಸ್ ಬೇಕು. ಬೋಟಿನ ವಿಷಯದಲ್ಲಿ ಒಂದೊಂದು ದೇಶದ್ದು ಒಂದೊಂದು ಲೆಕ್ಕ. ಬ್ರಿಟನ್ನಿನ ಸಮುದ್ರ ತೀರದಲ್ಲಿ ಸ್ವಂತ ಖುಷಿಗೆ ಚಿಕ್ಕ ಬೋಟ್ ಓಡಿಸುವವರನ್ನು ಕಾನೂನು ಯಾವ ಸರ್ಟಿಫಿಕೇಟನ್ನೂ ಕೇಳುವುದಿಲ್ಲ. ಕೆನಡಾದಲ್ಲಿ ಎಂಜಿನ್ ಎಷ್ಟೇ ಚಿಕ್ಕದಿರಲಿ, ಓಡಿಸುವವರ ಹತ್ತಿರ ಪರೀಕ್ಷೆ ಪಾಸಾದ ಕಾರ್ಡ್ ಇರಬೇಕು. 2009ರಿಂದ ಇದು ಎಲ್ಲ ವಯಸ್ಸಿನವರಿಗೂ ಕಡ್ಡಾಯ. ಫ್ರಾನ್ಸಿನಲ್ಲಿ ಎಂಜಿನ್ 6 ಎಚ್‌ಪಿ ದಾಟಿದರೆ ಲೈಸೆನ್ಸ್ ಬೇಕು, ಜರ್ಮನಿಯಲ್ಲಿ 15 ಎಚ್‌ಪಿ ದಾಟಿದರೆ. ಅದೇ ಜರ್ಮನಿಯ ರೈನ್ ನದಿಗೆ ಇಳಿದರೆ 5 ಎಚ್‌ಪಿಗೇ ಗಡಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ ವೇಗವನ್ನು ನೋಡುತ್ತದೆ. 10 ನಾಟ್, ಅಂದರೆ ಗಂಟೆಗೆ ಹದಿನೆಂಟೂವರೆ ಕಿಲೋಮೀಟರ್ ಅಥವಾ ಅದಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸುವವರಿಗೆ ಅಲ್ಲಿ ಲೈಸೆನ್ಸ್ ಬೇಕು. ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ಲೈಸೆನ್ಸ್ ಅಂತ ಇಲ್ಲ, ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಫ್ಲಾರಿಡಾದಲ್ಲಿ 1988ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು 10 ಎಚ್‌ಪಿ ಅಥವಾ ಹೆಚ್ಚಿನ ಎಂಜಿನ್ ಓಡಿಸಬೇಕಾದರೆ ಕೋರ್ಸ್ ಮಾಡಿದ ಕಾರ್ಡ್ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿ ಈ ಕಾರ್ಡಿನ ನಿಯಮ ವಯಸ್ಸಿನ ಪ್ರಕಾರ ಹಂತ ಹಂತವಾಗಿ ಬಂದು, 2025ರ ಜನವರಿಯಿಂದ ಎಲ್ಲರಿಗೂ ಅನ್ವಯಿಸಿದೆ.

ಹಾಗಾಗಿ ಬೋಟ್ ನೋಡಲು ಹೋಗುವ ಮೊದಲು, ನೀವು ಯಾವ ನೀರಿಗೆ ಇಳಿಸುತ್ತೀರೋ ಆ ನೀರು ಯಾರ ಸುಪರ್ದಿಯಲ್ಲಿದೆ ಎಂದು ತಿಳಿದುಕೊಳ್ಳಿ. ಒಂದೇ ದೇಶದಲ್ಲಿ ಸಮುದ್ರಕ್ಕೆ ಒಂದು ಇಲಾಖೆ, ನದಿಗೆ ಇನ್ನೊಂದು, ಕುಡಿಯುವ ನೀರಿನ ಕೆರೆಗೆ ಮತ್ತೊಂದು ಇರುವುದು ಸಾಮಾನ್ಯ. ಕೆಲವು ಕೆರೆಗಳಿಗೆ ಎಂಜಿನ್ ಇರುವ ಬೋಟನ್ನೇ ಬಿಡುವುದಿಲ್ಲ. ಅದು ಗೊತ್ತಾದ ಮೇಲೆ ಎಂಜಿನ್ ಎಷ್ಟು ಎಚ್‌ಪಿ, ಓಡಿಸುವವರ ವಯಸ್ಸೆಷ್ಟು, ಬೋಟ್ ಸ್ವಂತದ್ದೋ ಬಾಡಿಗೆಯದ್ದೋ ಎಂದು ಬರೆದಿಟ್ಟುಕೊಂಡು ಆ ಇಲಾಖೆಯನ್ನೇ ಕೇಳಿ. ಮಾರುವವರ ಬಾಯಿಮಾತನ್ನು ಮಾತ್ರ ನಂಬಿ ದುಡ್ಡು ಕೊಡಬೇಡಿ.

ಇನ್ನೊಂದು ಮಾತು. ಬೋಟಿನ ನೋಂದಣಿ ಬೇರೆ, ಓಡಿಸುವವರ ಸರ್ಟಿಫಿಕೇಟ್ ಬೇರೆ. ಬೋಟಿನ ಮೂತಿಯ ಮೇಲೆ ನಂಬರ್ ಇದೆ ಎಂದ ಮಾತ್ರಕ್ಕೆ ನೀವು ಓಡಿಸಬಹುದು ಎಂದಾಗುವುದಿಲ್ಲ. ನನ್ನ ಹತ್ತಿರ ಬರುವವರು ಅತಿ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಪ್ರಶ್ನೆ: ಪರೀಕ್ಷೆ ಕಟ್ಟಿದ್ದೇನೆ. ಓದಲು ಸಮಯ ಕಡಿಮೆ. ಯಾವುದನ್ನು ಮುಖ್ಯವಾಗಿ ಓದಬೇಕು?

ಉತ್ತರ: ದಾರಿ ಯಾರು ಯಾರಿಗೆ ಬಿಡಬೇಕು ಎನ್ನುವುದನ್ನು ಮೊದಲು ಓದಿ. ಉಳಿದದ್ದು ಆಮೇಲೆ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು 1972ರಲ್ಲಿ ಮಾಡಿದ ಅಂತರರಾಷ್ಟ್ರೀಯ ನಿಯಮಗಳಿವೆ. ಕಾಲ್‌ರೆಗ್ಸ್ ಅಂತಾರೆ. 1977ರಿಂದ ಜಾರಿಯಲ್ಲಿವೆ. ಒಳನಾಡಿನ ನೀರಿಗೆ ಪ್ರತ್ಯೇಕ ನಿಯಮ ಮಾಡಿಕೊಂಡ ದೇಶಗಳೂ ಬಹುಪಾಲು ಇದರ ಜಾಡಿನಲ್ಲೇ ನಡೆಯುತ್ತವೆ.

ಎರಡು ಮೋಟಾರ್ ಬೋಟ್‌ಗಳು ಎದುರುಬದುರಾಗಿ ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಇಕ್ಕಟ್ಟಾದ ಕಾಲುವೆಯಲ್ಲೂ ಬಲಗಡೆಗೇ ಸರಿದು ಹೋಗಬೇಕು. ರಸ್ತೆಯ ಎಡಗಡೆ ಓಡಿಸಿ ಅಭ್ಯಾಸವಾದವರಿಗೆ ಇದು ತೊಡಕು. ಗಾಬರಿಯಾದಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಅಡ್ಡ ಹಾಯುವಾಗ, ನಿಮ್ಮ ಬಲಗಡೆಯಿಂದ ಬರುವ ಮೋಟಾರ್ ಬೋಟಿಗೆ ನೀವು ದಾರಿ ಬಿಡಬೇಕು. ಅದರ ಮೂತಿಯ ಮುಂದೆ ನುಗ್ಗದೆ, ವೇಗ ಇಳಿಸಿ ಅಥವಾ ಬಲಕ್ಕೆ ತಿರುಗಿ ಅದರ ಹಿಂದಿನಿಂದ ಹೋಗಬೇಕು. ಹಿಂದಿನಿಂದ ಬಂದು ದಾಟಿ ಹೋಗುವವರು, ಯಾರೇ ಇರಲಿ, ಮುಂದಿರುವವರಿಂದ ದೂರ ಸರಿದು ಹೋಗಬೇಕು.

ದೀಪಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಬೋಟಿನ ಎಡಗಡೆ ಕೆಂಪು, ಬಲಗಡೆ ಹಸಿರು. ಈಗ ಕತ್ತಲಲ್ಲಿ ನಿಮ್ಮ ಬಲಗಡೆಯಿಂದ ಒಂದು ಬೋಟ್ ಅಡ್ಡ ಬರುತ್ತಿದೆ ಎಂದುಕೊಳ್ಳಿ. ನಿಮಗೆ ಕಾಣುವುದು ಅದರ ಎಡಪಕ್ಕ, ಅಂದರೆ ಕೆಂಪು ದೀಪ. ದಾರಿ ಬಿಡಬೇಕಾದವರು ನೀವು. ಅದೇ ಹೊತ್ತಿಗೆ ಅವರಿಗೆ ಕಾಣುವುದು ನಿಮ್ಮ ಬಲಪಕ್ಕ, ಹಸಿರು. ಕೆಂಪು ಕಂಡವರು ತಗ್ಗುತ್ತಾರೆ, ಹಸಿರು ಕಂಡವರು ತಮ್ಮ ವೇಗದಲ್ಲೇ ನೇರ ಹೋಗುತ್ತಾರೆ. ಎಷ್ಟು ಚೆಂದದ ಏರ್ಪಾಡು ನೋಡಿ! ಕಾಗದದ ಮೇಲೆ ಎರಡು ಬೋಟ್ ಬರೆದು ಬಣ್ಣ ಹಚ್ಚಿ ನೋಡಿದರೆ ಮತ್ತೆ ಮರೆಯುವುದಿಲ್ಲ.

ಹಾಯಿಯಲ್ಲಿ ಸಾಗುವ ದೋಣಿಗೆ, ಬಲೆ ಹಾಕಿ ಮೀನು ಹಿಡಿಯುತ್ತಿರುವವರಿಗೆ, ಕೆಟ್ಟು ನಿಂತು ತೇಲುತ್ತಿರುವ ಬೋಟಿಗೆ ಮೋಟಾರ್ ಬೋಟ್ ದಾರಿ ಬಿಡಬೇಕು. ಹಾರ್ನ್ ಒಂದು ಸಲ ಚಿಕ್ಕದಾಗಿ ಕೂಗಿದರೆ ಬಲಕ್ಕೆ ತಿರುಗುತ್ತಿದ್ದಾರೆ, ಎರಡು ಸಲ ಕೂಗಿದರೆ ಎಡಕ್ಕೆ, ಮೂರು ಕೂಗಿದರೆ ಎಂಜಿನ್ ರಿವರ್ಸ್‌ನಲ್ಲಿದೆ. ಐದು ಸಲ ಬೇಗ ಬೇಗ ಕೂಗಿದರೆ, ನೀವೇನು ಮಾಡುತ್ತಿದ್ದೀರೋ ಅವರಿಗೆ ತಿಳಿಯುತ್ತಿಲ್ಲ ಎಂದರ್ಥ. ಇವೆಲ್ಲಕ್ಕಿಂತ ಮೇಲಿನದು ಕಾಲ್‌ರೆಗ್ಸ್‌ನ ಐದನೆಯ ನಿಯಮ: ಕಣ್ಣು ಕಿವಿ ಎರಡನ್ನೂ ತೆರೆದಿಟ್ಟು ಸುತ್ತ ನೋಡುತ್ತಲೇ ಇರಬೇಕು. ದಾರಿ ನಿಮ್ಮದೇ ಆಗಿದ್ದರೂ, ಎದುರಿನವರು ಬಿಡದಿದ್ದರೆ ಡಿಕ್ಕಿ ತಪ್ಪಿಸುವ ಹೊಣೆ ನಿಮಗೂ ಇದೆ.

ಪ್ರಶ್ನೆ: ಮನೆಯಲ್ಲೇ ಕೂತು ಆನ್‌ಲೈನ್ ಪರೀಕ್ಷೆ ಬರೆದೆ, ಪಾಸಾಯಿತು. ಕಾರ್ಡ್ ಕೈಗೆ ಬಂದಿದೆ. ನೀರಿನ ಮೇಲೆ ಒಂದು ದಿನವೂ ತರಬೇತಿ ಆಗಿಲ್ಲ. ಇನ್ನು ಓಡಿಸಬಹುದು ತಾನೇ?

ಉತ್ತರ: ಕಾನೂನಿನ ಪ್ರಕಾರ ಓಡಿಸಬಹುದು. ನನ್ನನ್ನು ಕೇಳಿದರೆ, ಈಗಲೇ ಬೇಡ.

ಕೆನಡಾದ ಪರೀಕ್ಷೆಯನ್ನೇ ನೋಡಿ. 50 ಪ್ರಶ್ನೆ, ನೂರಕ್ಕೆ 75 ಬಂದರೆ ಪಾಸು, ಕಾರ್ಡ್ ಜೀವಮಾನಪೂರ್ತಿ ನಡೆಯುತ್ತದೆ. ಅದರಲ್ಲಿ ಬೋಟ್ ಮುಟ್ಟಿಸುವ ಕೆಲಸವೇ ಇಲ್ಲ. ಆ ಕಾರ್ಡನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ನಿಯಮ ಗೊತ್ತಿಲ್ಲದೆ ನೀರಿಗೆ ಇಳಿಯುವವರಿಗಿಂತ ಗೊತ್ತಿದ್ದು ಇಳಿಯುವವರು ನೂರು ಪಾಲು ಮೇಲು. ಆದರೆ ಬೋಟನ್ನು ಜೆಟ್ಟಿಗೆ, ಅಂದರೆ ಬೋಟ್ ಕಟ್ಟುವ ಕಟ್ಟೆಗೆ, ತಂದು ನಿಲ್ಲಿಸುವುದನ್ನು ಪ್ರಶ್ನೆಪತ್ರಿಕೆ ಕಲಿಸಲಾರದು.

ಯಾಕೆಂದರೆ ಬೋಟಿಗೆ ಬ್ರೇಕ್ ಇಲ್ಲ. ಕೆಳಗೆ ಹಿಡಿತ ಕೊಡುವ ರಸ್ತೆಯೂ ಇಲ್ಲ. ಔಟ್‌ಬೋರ್ಡ್ ಎಂಜಿನ್, ಅಂದರೆ ಬೋಟಿನ ಹಿಂದೆ ಹೊರಗಡೆ ತಗುಲಿಸುವ ಎಂಜಿನ್ ಇರುವ ಬೋಟ್ ತಿರುಗುವುದು ಪ್ರೊಪೆಲ್ಲರ್ ನೀರನ್ನು ಯಾವ ಕಡೆಗೆ ತಳ್ಳುತ್ತದೆ ಎನ್ನುವುದರಿಂದ. ನ್ಯೂಟ್ರಲ್‌ಗೆ ಹಾಕಿದರೆ ತಳ್ಳುವುದು ನಿಲ್ಲುತ್ತದೆ. ಆಗ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಬೋಟ್ ಸರಿಯಾಗಿ ಮಾತು ಕೇಳುವುದಿಲ್ಲ, ಗಾಳಿ ದೂಡಿದ ಕಡೆ ಹೋಗುತ್ತದೆ. ಕಾರಿನಲ್ಲಿ ಮುಂದಿನ ಚಕ್ರ ತಿರುಗಿದರೆ ಹಿಂದಿನದು ಅದರ ಹಿಂದೆ ಬರುತ್ತದೆ. ಬೋಟಿನಲ್ಲಿ ಮೂತಿ ಬಲಕ್ಕೆ ತಿರುಗುವಾಗ ಹಿಂಭಾಗ ಎಡಕ್ಕೆ ಬೀಸಿಕೊಳ್ಳುತ್ತದೆ. ಕಾರಿನ ಅಭ್ಯಾಸದಲ್ಲಿ, ಎಡಗಡೆಯ ಜೆಟ್ಟಿಯಿಂದ ಹೊರಡುವಾಗ ಸ್ಟೀರಿಂಗ್ ಬಲಕ್ಕೆ ಪೂರ್ತಿ ತಿರುಗಿಸಿ ಮುಂದೆ ಹೋದರೆ, ಬೋಟಿನ ಹಿಂದಿನ ಮೂಲೆ ಜೆಟ್ಟಿಗೆ ಹೋಗಿ ಬಡಿಯುತ್ತದೆ.

ನಾನು ಕಲಿಸುವಾಗ ಹೊಸಬರ ಎಡಗೈ ನೋಡುವುದಿಲ್ಲ, ಬಲಗೈ ನೋಡುತ್ತೇನೆ. ಥ್ರಾಟಲ್, ಅಂದರೆ ವೇಗ ಏರಿಸಿ ಇಳಿಸುವ ಹಿಡಿ, ಹಿಡಿದ ಕೈ ಅದು. ಜೆಟ್ಟಿ ಹತ್ತಿರ ಬಂದಂತೆ ಗಾಬರಿಯಿಂದ ಜಾಸ್ತಿ ತಳ್ಳಿಬಿಡುತ್ತಾರೆ. ಮಾಡಬೇಕಾದದ್ದು ಇಷ್ಟು: ಹಗ್ಗ, ಫೆಂಡರ್ (ತಾಕಿದರೆ ಪೆಟ್ಟಾಗದಂತೆ ಬೋಟಿನ ಪಕ್ಕಕ್ಕೆ ಇಳಿಬಿಡುವ ಮೆತ್ತೆ) ಎಲ್ಲ ದೂರದಲ್ಲೇ ಸಿದ್ಧ ಮಾಡಿಕೊಳ್ಳಿ. ಗಾಳಿ ಅಥವಾ ಹರಿವು, ಯಾವುದು ಜೋರಾಗಿದೆಯೋ ಅದಕ್ಕೆ ಎದುರಾಗಿ ಬನ್ನಿ. ಅದೇ ನಿಮಗೆ ಬ್ರೇಕ್. ಜೆಟ್ಟಿಗೆ ಓರೆಯಾಗಿ ಮೂತಿ ಹಿಡಿದು, ಗೇರ್‌ಗೆ ಒಂದು ಕ್ಷಣ ಹಾಕಿ, ನ್ಯೂಟ್ರಲ್‌ಗೆ ತನ್ನಿ. ಬೋಟ್ ಜಾರಲಿ. ನಿಧಾನವಾಯಿತು ಅನ್ನಿಸಿದರೆ ಇನ್ನೊಂದು ಕ್ಷಣ ಗೇರ್. ಮೂತಿ ಜೆಟ್ಟಿಯ ಸಮೀಪ ಬಂದಾಗ ಸ್ಟೀರಿಂಗನ್ನು ಜೆಟ್ಟಿಯ ಕಡೆಗೆ ತಿರುಗಿಸಿ, ಆಮೇಲೆ ರಿವರ್ಸ್‌ಗೆ ಒಂದು ಚೂರು ಹಾಕಿ. ಬೋಟ್ ನಿಲ್ಲುತ್ತದೆ, ಹಿಂಭಾಗವೂ ತಾನಾಗಿ ಜೆಟ್ಟಿಯ ಪಕ್ಕಕ್ಕೆ ಬಂದು ಸೇರುತ್ತದೆ. ಸ್ಟೀರಿಂಗ್ ಮೊದಲು, ಗೇರ್ ಆಮೇಲೆ. ಈ ಕ್ರಮ ಕೈಗೆ ಹತ್ತುವ ತನಕ ಮನೆಯವರನ್ನು ಕೂರಿಸಿಕೊಳ್ಳಬೇಡಿ. ಬೋಟ್ ಜೆಟ್ಟಿಗೆ ತಾಕುತ್ತದೆ ಅನ್ನಿಸಿದರೂ ಯಾರೂ ಕೈಕಾಲು ಅಡ್ಡ ಕೊಡಬಾರದು. ಫೆಂಡರ್ ಇರುವುದು ಅದಕ್ಕೇ.

ಇನ್ನು ಕಿಲ್ ಸ್ವಿಚ್‌ನ ಹಗ್ಗ. ಎಂಜಿನ್ ಸ್ವಿಚ್ಚಿಗೆ ಸಿಕ್ಕಿಸುವ ಸುರುಳಿ ಸುರುಳಿಯಾದ ಕೆಂಪು ಹಗ್ಗ ಅದು. ಇನ್ನೊಂದು ತುದಿಯನ್ನು ತೊಡೆಗೆ ಸುತ್ತಿಯೋ ಲೈಫ್ ಜಾಕೆಟ್ಟಿಗೆ ಸಿಕ್ಕಿಸಿಯೋ ಇಟ್ಟುಕೊಳ್ಳಬೇಕು. ನೀವು ನೀರಿಗೆ ಬಿದ್ದರೆ ಅದು ಕಿತ್ತು ಬಂದು ಎಂಜಿನ್ ನಿಲ್ಲುತ್ತದೆ. ಇದನ್ನು ಥ್ರಾಟಲ್ ಹಿಡಿಗೆ ನೇತುಹಾಕಿ ಓಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಓಡಿಸುವವರಿಲ್ಲದ ಬೋಟ್ ಸಾಮಾನ್ಯವಾಗಿ ದೂರ ಹೋಗುವುದಿಲ್ಲ. ಸ್ಟೀರಿಂಗ್ ಒಂದು ಕಡೆ ಎಳೆದುಕೊಂಡು, ಬಿದ್ದವರ ಸುತ್ತಲೇ ಗಿರಕಿ ಹೊಡೆಯುತ್ತದೆ, ಪ್ರೊಪೆಲ್ಲರ್ ತಿರುಗುತ್ತಲೇ ಇರುತ್ತದೆ. ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ 26 ಅಡಿಗಿಂತ ಚಿಕ್ಕ ಬೋಟ್‌ಗಳಲ್ಲಿ ಈ ವ್ಯವಸ್ಥೆ ಇದ್ದರೆ, ವೇಗವಾಗಿ ಓಡಿಸುವಾಗ ಕಟ್ಟಿಕೊಳ್ಳಲೇಬೇಕು ಎಂಬ ಕಾನೂನು ಬಂದಿದೆ. ನಿಮ್ಮಲ್ಲಿ ಕಾನೂನು ಇರಲಿ ಬಿಡಲಿ, ಕಟ್ಟಿಕೊಳ್ಳಿ. ಎಂಜಿನ್ ಶುರು ಮಾಡುವ ಮುಂಚೆಯೇ ಕಟ್ಟಿಕೊಳ್ಳಿ.

ಆದ್ದರಿಂದ ಕಾರ್ಡ್ ಸಿಕ್ಕ ಮೇಲೂ ಬೋಟ್ ಹತ್ತಿಸಿ ಕಲಿಸುವ ಒಂದು ಕೋರ್ಸ್ ಮಾಡಿ. ಬ್ರಿಟನ್ನಿನ ಆರ್‌ವೈಎ ಸಂಸ್ಥೆಯ ಪವರ್‌ಬೋಟ್ ಲೆವೆಲ್ 2 ಅಂಥದ್ದು, ಎರಡು ದಿನ ನಡೆಯುತ್ತದೆ. ಕಾನೂನು ಕೇಳದ ದೇಶದಲ್ಲೂ ಜನ ದುಡ್ಡು ಕೊಟ್ಟು ಅದನ್ನು ಕಲಿಯುತ್ತಾರೆ. ಯಾವ ಕೋರ್ಸಾದರೂ ಸೇರುವ ಮೊದಲು ಒಂದು ಮಾತು ಕೇಳಿ: ಸ್ಟೀರಿಂಗ್ ನನ್ನ ಕೈಯಲ್ಲಿ ಎಷ್ಟು ಹೊತ್ತು ಇರುತ್ತದೆ? ನೀರಿಗೆ ಬಿದ್ದವರನ್ನು ಎತ್ತುವುದನ್ನು ನನ್ನಿಂದಲೇ ಮಾಡಿಸುತ್ತೀರಾ? ಹೌದು ಎನ್ನುವವರ ಹತ್ತಿರ ಹೋಗಿ.

ಪ್ರಶ್ನೆ: ಮಗನಿಗೆ ಹದಿನಾಲ್ಕು ವರ್ಷ. ಬೋಟ್ ಎಂದರೆ ಪ್ರಾಣ. ಅವನಿಗೆ ಓಡಿಸಲು ಕೊಡಬಹುದಾ?

ಉತ್ತರ: ವಯಸ್ಸಿನ ನಿಯಮವೂ ಜಾಗಕ್ಕೊಂದು ಥರ. ಫ್ರಾನ್ಸಿನಲ್ಲಿ ಲೈಸೆನ್ಸಿಗೆ ಹದಿನಾರು ತುಂಬಿರಬೇಕು. ಕೆನಡಾದಲ್ಲಿ ಕಾರ್ಡ್ ಇರುವ 12ರಿಂದ 16ರೊಳಗಿನ ಮಕ್ಕಳು, ಜೊತೆಗೆ ದೊಡ್ಡವರಿಲ್ಲದಿದ್ದರೆ 40 ಎಚ್‌ಪಿವರೆಗಿನ ಎಂಜಿನ್ ಮಾತ್ರ ಓಡಿಸಬಹುದು. ನೀರಿನ ಸ್ಕೂಟರ್ ಹದಿನಾರರ ಒಳಗೆ ಇಲ್ಲವೇ ಇಲ್ಲ. ನಿಮ್ಮಲ್ಲಿ ನಿಯಮ ಬಿಟ್ಟರೆ ಖಂಡಿತ ಕಲಿಸಿ. ಈ ವಯಸ್ಸಿನವರು ದೊಡ್ಡವರಿಗಿಂತ ಚೆನ್ನಾಗಿ ಕಲಿಯುತ್ತಾರೆ, ಅವರಿಗೆ ಕಾರಿನ ಅಭ್ಯಾಸ ಅಡ್ಡ ಬರುವುದಿಲ್ಲ. ಆದರೆ ನೀವು ಪಕ್ಕದಲ್ಲೇ ಇರಿ. ಗೆಳೆಯರನ್ನು ತುಂಬಿಕೊಂಡು ಒಬ್ಬನೇ ಹೋಗುತ್ತೇನೆ ಅಂದರೆ ಒಪ್ಪಬೇಡಿ.

ಪ್ರಶ್ನೆ: ನನ್ನ ಕಾರ್ಡ್ ಬೇರೆ ದೇಶದಲ್ಲೂ ನಡೆಯುತ್ತದಾ? ಪ್ರವಾಸಕ್ಕೆ ಹೋದಾಗ ಬಾಡಿಗೆ ಬೋಟ್ ತೆಗೆದುಕೊಳ್ಳುವ ಯೋಚನೆ.

ಉತ್ತರ: ನಡೆಯುತ್ತದೆ ಎಂದುಕೊಂಡು ಹೋಗಬೇಡಿ. ಯುರೋಪಿನಲ್ಲಿ ಹೆಚ್ಚಾಗಿ ಕೇಳುವುದು ಐಸಿಸಿ, ಅಂದರೆ ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್ ಆಫ್ ಕಾಂಪಿಟೆನ್ಸ್. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 40ನೇ ನಿರ್ಣಯದ ಪ್ರಕಾರ ಕೊಡುವಂಥದ್ದು. ಸಮುದ್ರಕ್ಕೆ ಬೇರೆ, ಒಳನಾಡಿನ ನದಿ ಕಾಲುವೆಗಳಿಗೆ ಬೇರೆ ಅರ್ಹತೆ ಅದರಲ್ಲೇ ನಮೂದಾಗಿರುತ್ತದೆ. ಒಳನಾಡಿಗೆ ಸೆವ್ನಿ, ಅಂದರೆ ಯುರೋಪಿನ ಒಳನಾಡಿನ ಜಲಮಾರ್ಗಗಳ ನಿಯಮಾವಳಿಯ ಮೇಲೆ ಇನ್ನೊಂದು ಪರೀಕ್ಷೆಯೂ ಇದೆ. ಐಸಿಸಿಯನ್ನೂ ಎಲ್ಲ ದೇಶ ಒಪ್ಪುವುದಿಲ್ಲ. ಬೋಟ್ ಬಾಡಿಗೆ ಕೊಡುವವರಿಗೆ ನಿಮ್ಮ ಕಾರ್ಡಿನ ಫೋಟೊ ಮೊದಲೇ ಕಳಿಸಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ. ವಿಮೆಯವರ ಒಪ್ಪಿಗೆಯೂ ಅದರಲ್ಲಿ ಇರಲಿ.

ಕಾರ್ಡಿಗಿಂತ ನನಗೆ ಚಿಂತೆ ಬೋಯ್‌ಗಳದ್ದು, ನೀರಿನಲ್ಲಿ ದಾರಿ ತೋರಿಸುವ ಆ ಬಣ್ಣದ ತೇಲು ಗುರುತುಗಳದ್ದು. ಪ್ರಪಂಚದಲ್ಲಿ ಇವಕ್ಕೆ ಎರಡು ಪದ್ಧತಿಗಳಿವೆ. ಯುರೋಪ್, ಆಫ್ರಿಕಾ, ಆಸ್ಟ್ರೇಲಿಯಾ ಮತ್ತು ಏಷ್ಯಾದ ಬಹುಭಾಗ ಎ ವಲಯ. ಸಮುದ್ರದಿಂದ ಬಂದರಿನೊಳಗೆ ಬರುವಾಗ ಕೆಂಪು ಗುರುತು ಎಡಕ್ಕೆ ಇರಬೇಕು. ಉತ್ತರ, ದಕ್ಷಿಣ ಅಮೆರಿಕ, ಜಪಾನ್, ಕೊರಿಯಾ, ಫಿಲಿಪ್ಪೀನ್ಸ್ ಬಿ ವಲಯ. ಅಲ್ಲಿ ಅದೇ ಕೆಂಪು ಬಲಕ್ಕೆ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಹಾಗೇ ಪಾಲಿಸಿದರೆ ದಾರಿ ಬಿಟ್ಟು ಬಂಡೆಯ ಮೇಲೆ ಹತ್ತಿಸಿಬಿಡುತ್ತೀರಿ. ಪ್ರವಾಸಕ್ಕೆ ಬಟ್ಟೆ ತುಂಬಿಕೊಳ್ಳುವ ಮುಂಚೆ ಆ ಊರಿನ ನಕ್ಷೆ ತರಿಸಿ ಓದಿ.

ಪ್ರಶ್ನೆ: ಬೋಟಿನಲ್ಲಿ ವಿಎಚ್‌ಎಫ್ ರೇಡಿಯೊ ಇದೆ. ಬೋಟ್ ಕಾರ್ಡೇ ಅದಕ್ಕೂ ಸಾಕಾ?

ಉತ್ತರ: ಹಲವು ದೇಶಗಳಲ್ಲಿ ಸಾಲದು, ರೇಡಿಯೊಗೆ ಪ್ರತ್ಯೇಕ ಸರ್ಟಿಫಿಕೇಟ್ ಇದೆ. ಚಿಕ್ಕ ಕೋರ್ಸ್, ಮಾಡಿಬಿಡಿ. ಪ್ರಾಣಕ್ಕೆ ಅಪಾಯ ಬಂದಾಗ ಮಾತ್ರ ಯಾರು ಬೇಕಾದರೂ 16ನೇ ಚಾನೆಲ್‌ನಲ್ಲಿ ‘ಮೇಡೇ’ ಎಂದು ಮೂರು ಸಲ ಕೂಗಬಹುದು. ಬೋಟಿನ ಹೆಸರು, ಎಲ್ಲಿದ್ದೀರಿ, ಏನಾಗಿದೆ, ಎಷ್ಟು ಜನ ಇದ್ದೀರಿ ಎಂದು ಹೇಳಿ. ಇದನ್ನು ಒಂದು ಚೀಟಿಯಲ್ಲಿ ಬರೆದು ರೇಡಿಯೊ ಪಕ್ಕ ಅಂಟಿಸಿ, ಮನೆಯವರೆಲ್ಲರಿಗೂ ಓದಿಸಿ. ನೀರಿಗೆ ಬಿದ್ದವರು ನೀವೇ ಆದರೆ ಕರೆ ಮಾಡಬೇಕಾದವರು ಅವರು ಅಲ್ವಾ?

ಪ್ರಶ್ನೆ: ವಾರಾಂತ್ಯದಲ್ಲಿ ನಾಲ್ಕು ಜನರನ್ನು ಸುತ್ತಾಡಿಸಿ ಸ್ವಲ್ಪ ದುಡ್ಡು ತೆಗೆದುಕೊಂಡರೆ ತಪ್ಪೇ? ಡೀಸೆಲ್ ಖರ್ಚಾದರೂ ಬರುತ್ತದೆ.

ಉತ್ತರ: ಗೆಳೆಯರು ಡೀಸೆಲ್ ಖರ್ಚು ಹಂಚಿಕೊಳ್ಳುವುದು ಒಂದು, ಟಿಕೆಟ್ ಥರ ದುಡ್ಡು ತೆಗೆದುಕೊಳ್ಳುವುದು ಇನ್ನೊಂದು. ದುಡ್ಡು ಕೊಟ್ಟು ಹತ್ತಿದವರು ಪ್ರಯಾಣಿಕರು. ಆಗ ಸ್ವಂತ ಖುಷಿಗೆ ಪಡೆದ ಕಾರ್ಡ್ ಸಾಲುವುದಿಲ್ಲ. ಅಮೆರಿಕದಲ್ಲಾದರೆ ಕೋಸ್ಟ್ ಗಾರ್ಡ್ ಕೊಡುವ ಕ್ಯಾಪ್ಟನ್ ಲೈಸೆನ್ಸ್ ಬೇಕು. ಬೋಟಿನ ತಪಾಸಣೆ, ವಿಮೆ ಎಲ್ಲ ಬೇರೆಯಾಗುತ್ತದೆ. ಏನಾದರೂ ಅನಾಹುತವಾದರೆ ವಿಮೆಯವರು ಮೊದಲು ನೋಡುವುದೇ ಇದನ್ನು. ಆ ಲೈಸೆನ್ಸ್ ತೆಗೆದುಕೊಳ್ಳುವ ತನಕ ಒಂದು ಪೈಸೆಯನ್ನೂ ಮುಟ್ಟಬೇಡಿ.