ಮೇಷ್ಟ್ರನ್ನು ಕೇಳಿ: ಹುಲಿ ಕಾಣದಿದ್ದರೆ ಸುಂಡಿಲಿ ನೋಡಿ

ನನ್ನ ಮಗನಿಗೆ 14 ವರ್ಷ. ಪ್ರಾಣಿಗಳೆಂದರೆ ಹುಚ್ಚು. ರಜೆಯಲ್ಲಿ ನಾಗರಹೊಳೆ ಸಫಾರಿಗೆ ಹೋಗಿದ್ದೆವು, ಹುಲಿ ಕಾಣಲಿಲ್ಲ. ಅವತ್ತಿನಿಂದ ಮುಖ ಊದಿಸಿಕೊಂಡಿದ್ದಾನೆ. ನಮ್ಮೂರಿನ ಹತ್ತಿರ ಕಾಡಿಲ್ಲ. ಅವನ ಆಸಕ್ತಿ ಉಳಿಸುವುದು ಹೇಗೆ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಹುಲಿ ಕಾಣದೇ ಇದ್ದದ್ದು ಒಳ್ಳೆಯದೇ ಆಯಿತು ಅಂದರೆ ನಿಮ್ಮ ಮಗ ನನ್ನ ಮೇಲೂ ಮುಖ ಊದಿಸಿಕೊಳ್ಳುತ್ತಾನೆ. ಆದರೂ ಹೇಳುತ್ತೇನಮ್ಮ. ಜೀಪಿನಲ್ಲಿ ಕೂತು ಹುಲಿ ನೋಡಿದ ಹುಡುಗ ಊರಿಗೆ ಬಂದು ಫೋಟೋ ತೋರಿಸುತ್ತಾನೆ. ಅಲ್ಲಿಗೆ ಮುಗಿಯಿತು. ಪ್ರಾಣಿಯ ಬದುಕನ್ನು ಓದಬೇಕಾದರೆ ದಿನಾ ಕಣ್ಣಿಗೆ ಬೀಳುವ ಪ್ರಾಣಿ ಬೇಕು. ಅಳಿಲು, ಮುಂಗುಸಿ, ಹೆಗ್ಗಣ, ಬಾವಲಿ, ಸುಂಡಿಲಿ. ಇವೆಲ್ಲ ಮರಿಗೆ ಹಾಲೂಡಿಸುವ ಜಾತಿಯವೇ ಅಲ್ವಾ?

ನಾನು ಮಲೆನಾಡಿನ ಹೈಸ್ಕೂಲೊಂದರಲ್ಲಿ 31 ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದೆ. ನಮ್ಮೂರಿನಲ್ಲಿ ನಿಂತುಹೋದ ಹಳೇ ಅಕ್ಕಿ ಗಿರಣಿಯೊಂದಿತ್ತು. ಅದರ ಮಾಡಿನಲ್ಲಿ ಕಣಜ ಗೂಬೆಗಳ ಸಂಸಾರ. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಜೀರ್ಣವಾಗದ ಕೂದಲು, ಮೂಳೆಗಳನ್ನು ಉಂಡೆ ಮಾಡಿ ಕಕ್ಕುತ್ತದೆ. ನೆಲದ ಮೇಲೆ ಬಿದ್ದಿದ್ದ ಉಂಡೆಗಳನ್ನು ಮಕ್ಕಳು ಆರಿಸಿ ತಂದರು. ಗೂಡಿನ ತಂಟೆಗೆ ಹೋಗಬಾರದು ಅಂತ ಮೊದಲೇ ಹೇಳಿದ್ದೆ. ಕೈಗೆ ಗ್ಲೌಸು, ಮೂಗಿಗೆ ಬಟ್ಟೆ. ಡೆಟಾಲ್ ಹಾಕಿದ ನೀರಿನಲ್ಲಿ ನೆನೆಸಿ, ಊದಿನಕಡ್ಡಿಯ ತುದಿಯಿಂದ ಬಿಡಿಸಿದೆವು. ಒಂದೊಂದು ಉಂಡೆಯಲ್ಲೂ ತಲೆಬುರುಡೆ, ದವಡೆ, ನೂಲಿನಂಥ ಪಕ್ಕೆಲುಬು. ನಾನು ಎಲ್ಲವನ್ನೂ ರಟ್ಟಿಗೆ ಅಂಟಿಸಿ ಕೆಳಗೆ ದೊಡ್ಡದಾಗಿ ‘ಇಲಿ’ ಅಂತ ಬರೆದೆ.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. ‘ಸಾರ್, ಈ ಎರಡರ ಹಲ್ಲು ಬೇರೆ ಥರ ಇದೆಯಲ್ಲ?’

ನೋಡಿದರೆ ಹೌದು. ಉಳಿದ ಬುರುಡೆಗಳಲ್ಲಿ ಮುಂದೆ ಅರಿಶಿನ ಬಣ್ಣದ ಉಳಿಯಂಥ ಹಲ್ಲು, ಅದರ ಹಿಂದೆ ಖಾಲಿ ಜಾಗ, ಆಮೇಲೆ ದವಡೆ ಹಲ್ಲು. ಅವಳು ತೋರಿಸಿದ ಎರಡರಲ್ಲಿ ಖಾಲಿ ಜಾಗವೇ ಇಲ್ಲ. ಬಿಳಿ ಬಿಳಿ ಚೂಪು ಹಲ್ಲು, ಗರಗಸದ ಹಾಗೆ ಸಾಲಾಗಿ. ಅದು ಸುಂಡಿಲಿ. ಹೆಸರಿನಲ್ಲಿ ಇಲಿ ಇದೆಯೇ ಹೊರತು ಇಲಿಯ ಬಳಗವೇ ಅಲ್ಲ, ಮುಳ್ಳಿಲಿಯ ಕಡೆಯ ನೆಂಟ. ಅದು ತಿನ್ನುವುದು ಹೆಚ್ಚಾಗಿ ಹುಳುಹುಪ್ಪಟೆ. (ಮನೆಯಲ್ಲಿ ಅದನ್ನು ಪೊರಕೆ ಹಿಡಿದು ಅಟ್ಟುವವರೆಲ್ಲ ಜಿರಳೆ ಪಕ್ಷದವರು ಅಂತ ನನ್ನ ಲೆಕ್ಕ.) ಮಾರನೇ ದಿನ ಕ್ಲಾಸಿನ ಎದುರೇ ನನ್ನ ಚೀಟಿ ಕಿತ್ತು ಹೊಸದು ಅಂಟಿಸಿದೆ. ಇಷ್ಟು ವರ್ಷ ತಪ್ಪು ಹೇಳಿಕೊಟ್ಟಿದ್ದೆನಲ್ಲ ಅಂತ ನಾಚಿಕೆಯೂ ಆಯಿತು.

ಆ ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. ಭತ್ತದ ಕೊಯ್ಲಿಗೆ ಮುಂಚೆ ಗೂಬೆ ಎಷ್ಟು ಇಲಿ ತಿಂದಿತು, ಎಷ್ಟು ಸುಂಡಿಲಿ? ಕೊಯ್ಲಾದ ಮೇಲೆ ಎಷ್ಟು? ತಿಂಗಳು ತಿಂಗಳು ಬುರುಡೆ ಎಣಿಸಿ ಬರೆದಿಟ್ಟಳು. ಗದ್ದೆ, ಇಲಿ, ಗೂಬೆ, ಮೂರನ್ನೂ ಒಂದೇ ದಾರದಲ್ಲಿ ಪೋಣಿಸುವ ಪ್ರಶ್ನೆ ಅದು. ಪರಿಸರ ವಿಜ್ಞಾನ ಅಂದರೆ ಇದೇ ತಾನೆ?

ನಿಮ್ಮ ಮಗನಿಗೆ ಗೂಬೆ ಸಿಗದಿದ್ದರೆ ಒಂದು ಕೆಲಸ ಮಾಡಲಿ. ಹಿತ್ತಿಲಿನಲ್ಲಿ ಒಂದು ಮಾರು ಜಾಗ ಗುಡಿಸಿ, ಜರಡಿ ಹಿಡಿದ ಮಣ್ಣನ್ನು ತೆಳ್ಳಗೆ ಹರಡಿ ಮಲಗಲಿ. ಬೆಳಿಗ್ಗೆ ಹೆಜ್ಜೆ ಓದಲಿ. ನಾಯಿಯ ಹೆಜ್ಜೆಯಲ್ಲಿ ಉಗುರು ಮೂಡುತ್ತದೆ. ಬೆಕ್ಕು ಉಗುರು ಒಳಗೆಳೆದುಕೊಂಡು ನಡೆಯುತ್ತದೆ, ಗುರುತು ದುಂಡಗೆ ಬೀಳುತ್ತದೆ. ಐದು ಬೆರಳು ಮೂಡಿದ್ದರೆ ಮುಂಗುಸಿಯೋ ಮರಬೆಕ್ಕೋ ಇರಬಹುದು. ಪುಸ್ತಕದಲ್ಲಿ ತಾರೀಖು, ಸಮಯ, ಜಾಗ ಬರೆಯಲಿ. ಏನೂ ಬರದ ದಿನ ‘ಏನೂ ಇಲ್ಲ’ ಅಂತಲೇ ಬರೆಯಬೇಕು. ಅದನ್ನು ಮಾತ್ರ ಸುಮ್ನೆ ಬಿಡಬಾರದು.

ಇನ್ನೊಂದು ಮಾತು. ಕೃಷ್ಣಮೃಗದ ಅಭಯಾರಣ್ಯ ನಿಮ್ಮ ಜಿಲ್ಲೆಯ ರಾಣೆಬೆನ್ನೂರಿನಲ್ಲೇ ಇದೆ. ಎರಡು ತಿಂಗಳು ಹಿತ್ತಿಲಿನ ಲೆಕ್ಕ ಬರೆದ ಮೇಲೆ ಅಲ್ಲಿಗೆ ಕರೆದುಕೊಂಡು ಹೋಗಿ. ಹಿಂಡಿನಲ್ಲಿ ಕೊಂಬಿನ ಕಪ್ಪು ಗಂಡು ಎಷ್ಟು, ಕಂದು ಹೆಣ್ಣು ಎಷ್ಟು ಅಂತ ತಾನಾಗಿಯೇ ಎಣಿಸುತ್ತಾನೆ, ನೋಡಿ.

ಹೈಸ್ಕೂಲ್ ಮಕ್ಕಳನ್ನು ಕಾಡಂಚಿಗೆ ಕರೆದೊಯ್ಯುವ ಯೋಚನೆಯಿದೆ. ಆದರೆ ಮಂಗನ ಕಾಯಿಲೆಯ ಭಯ. ಬಿಟ್ಟುಬಿಡುವುದೇ ಒಳ್ಳೆಯದಾ?
– ಒಬ್ಬ ಶಿಕ್ಷಕರು, ಸಾಗರ ತಾಲ್ಲೂಕು

ಮೇಷ್ಟ್ರೇ, ಪ್ರವಾಸ ಬಿಡಬೇಡಿ, ಕಾಲ ಬದಲಿಸಿ. ಆ ಕಾಯಿಲೆ ನಮಗೆ ಹತ್ತುವುದು ಉಣುಗು ಕಚ್ಚಿ. ಅದರ ಕಾಲ ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇ ತನಕ, ಉಣುಗಿನ ಮರಿಗಳು ಜಾಸ್ತಿಯಾಗುವ ಹೊತ್ತು. ಆ ತಿಂಗಳುಗಳಲ್ಲಿ ಶಾಲೆಯ ಸುತ್ತಲೇ ನೋಡಿ. ಉಳಿದ ಕಾಲದಲ್ಲೂ ತುಂಬುತೋಳಿನ ಬಟ್ಟೆ ಇರಲಿ, ತರಗೆಲೆಯ ಮೇಲೆ ಕೂರುವುದು ಬೇಡ, ಮನೆಗೆ ಹೋದ ಕೂಡಲೇ ಸ್ನಾನ ಮಾಡಲಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಬಾವಲಿಯನ್ನಂತೂ ಬದುಕಿದ್ದರೂ ಸತ್ತಿದ್ದರೂ ಬರಿಗೈಯಲ್ಲಿ ಮುಟ್ಟಬಾರದು.

ಆದರೆ ಕಾಯಿಲೆಯ ಪಾಠವನ್ನು ಮಾಡದೇ ಇರಬೇಡಿ. ಇದು ನಿಮ್ಮ ಪಕ್ಕದ ಸೊರಬದ ಕಥೆ. ಆ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಇದನ್ನು ಪತ್ತೆ ಹಚ್ಚಿದ್ದರಿಂದ ಪ್ರಪಂಚವೆಲ್ಲ ಅದೇ ಹೆಸರಿನಿಂದ ಕರೆಯುತ್ತದೆ. ಎಲ್ಲರೂ ಮಂಗನನ್ನು ಬೈಯುತ್ತಾರೆ, ಪಾಪ. ಮುಸಿಯ, ಮಂಗ ಎರಡೂ ನಮ್ಮ ಹಾಗೇ ಈ ರೋಗಕ್ಕೆ ಸಾಯುವ ಪ್ರಾಣಿಗಳು. ಉಣುಗಿನ ಮರಿಗಳು ಇಲಿ, ಸುಂಡಿಲಿಗಳಂಥ ಸಣ್ಣ ಪ್ರಾಣಿಗಳ ರಕ್ತ ಕುಡಿದು ಬೆಳೆಯುತ್ತವೆ. ದೊಡ್ಡ ಉಣುಗು ಕಾಡಿಗೆ ಮೇಯಲು ಹೋದ ದನಗಳ ಮೇಲೆ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿದ್ದ ಉಣುಗುಗಳು ಉದುರಿ, ಆ ದಾರಿಯಲ್ಲಿ ದರಗು ಗುಡಿಸಲು ಬಂದವರ ಕಾಲಿಗೆ ಹತ್ತುತ್ತವೆ. ಬೋರ್ಡಿನ ಮೇಲೆ ಇದನ್ನು ಬರೆದು, ಬಾಣ ಎಳೆಯುವ ಕೆಲಸ ಮಕ್ಕಳಿಗೇ ಬಿಡಿ. ‘ನಮ್ಮ ಕೊಟ್ಟಿಗೆ ಎಲ್ಲಿ ಬರುತ್ತೆ ಸಾರ್?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ನಾನು ಹತ್ತನೇ ಕ್ಲಾಸ್. ಕಾಡುಪ್ರಾಣಿಗಳ ಬಗ್ಗೆ ಓದಲು ಆಸೆ. ಗಣಿತ ಕಂಡರೆ ಆಗುವುದಿಲ್ಲ. ಬಿಡಬಹುದಾ ಸಾರ್?
– ಒಬ್ಬ ವಿದ್ಯಾರ್ಥಿನಿ, ತುಮಕೂರು

ಬಿಡಬೇಡ ಮಗಾ. ಪಿಯುಸಿಯಲ್ಲಿ ಜೀವವಿಜ್ಞಾನ ತಗೋ, ಆಮೇಲೆ ಪ್ರಾಣಿಶಾಸ್ತ್ರದ ಬಿಎಸ್ಸಿ ಮಾಡಬಹುದು. ಶಿರಸಿ, ಪೊನ್ನಂಪೇಟೆಗಳಲ್ಲಿ ಅರಣ್ಯ ಕಾಲೇಜುಗಳಿವೆ. ಡೆಹ್ರಾಡೂನಿನಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆ ಇದೆ. ಆದರೆ ಎಲ್ಲಿಗೆ ಹೋದರೂ ಗಣಿತ ಬೆನ್ನು ಬಿಡುವುದಿಲ್ಲ.

ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಹುಲಿ ಎಣಿಸಿದ್ದು ಕ್ಯಾಮೆರಾದಿಂದ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಅದರ ಎಡ ಮೈ, ಬಲ ಮೈ ಕೂಡ ಒಂದೇ ಥರ ಇರುವುದಿಲ್ಲ. ಅದಕ್ಕೇ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುತ್ತಾರೆ. ಸಿಕ್ಕಿದ ಹುಲಿಯೇ ಮತ್ತೆ ಎಷ್ಟು ಸಲ ಸಿಕ್ಕಿತು ಎಂಬುದರಿಂದ, ಸಿಗದೇ ಉಳಿದವು ಎಷ್ಟಿರಬಹುದು ಅಂತ ಅಂದಾಜು ಮಾಡುತ್ತಾರೆ. ನೀನು ಈಗ ಓದುತ್ತಿರುವ ಸಂಭವನೀಯತೆಯ ಪಾಠದ ಮುಂದಿನ ಕಂತು ಇದು.

ನಿಮ್ಮ ಶಾಲೆಯ ಅಂಗಳದ ಅಳಿಲಿಗೂ ಬೆನ್ನ ಮೇಲೆ ಮೂರು ಪಟ್ಟೆ ಇದೆ. ಆ ಪಟ್ಟೆ ನೋಡಿ ಒಂದನ್ನೊಂದು ಗುರುತಿಸಲು ಆಗುತ್ತಾ? ಆಗದಿದ್ದರೆ ಬಾಲ, ಕಿವಿಯ ಹರುಕು ನೋಡಿ ಆಗುತ್ತಾ? ಒಂದು ವಾರ ನೋಡಿ ನನಗೆ ಕಾಗದ ಬರಿ.