ಆ ಹುಡುಗರ ಮುಖವನ್ನು ನಾವೇಕೆ ಅಚ್ಚು ಹಾಕಲಿಲ್ಲ

ದಾವಣಗೆರೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನಮ್ಮ ಕಳೆದ ಸಂಚಿಕೆಯ ವರದಿಯ ಬಗ್ಗೆ ದೀರ್ಘ ಪತ್ರ ಬರೆದಿದ್ದಾರೆ. ಗಾಂಜಾ ಸೇದಿ ಸಿಕ್ಕಿಬಿದ್ದ ಕಾಲೇಜು ಹುಡುಗರ ಹೆಸರನ್ನೂ ಭಾವಚಿತ್ರವನ್ನೂ ನಾವು ಪ್ರಕಟಿಸದಿದ್ದುದು ಅವರಿಗೆ ಸರಿ ಎನಿಸಿಲ್ಲ. ಟಿ.ವಿ. ಚಾನೆಲ್‌ಗಳು ಮುಖ ತೋರಿಸುತ್ತವೆ, ನೋಡಿದ ಮಕ್ಕಳು ಹೆದರುತ್ತಾರೆ, ಆ ಹೆದರಿಕೆಯೇ ಅವರನ್ನು ಕಾಯುತ್ತದೆ ಎಂಬುದು ಅವರ ವಾದ. ಕುಡಿತವನ್ನೂ ಗಾಂಜಾವನ್ನೂ ಒಂದೇ ವರದಿಯಲ್ಲಿ ಸೇರಿಸಿದ್ದಕ್ಕೂ ಆಕ್ಷೇಪವಿದೆ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದಾರೆ: ಮಗ ಈ ದಾರಿ ಹಿಡಿದಿದ್ದಾನೆ ಎಂದು ಗೊತ್ತಾದ ತಂದೆತಾಯಿ ಮೊದಲು ಹೋಗಬೇಕಾದದ್ದು ಎಲ್ಲಿಗೆ?

ಮಾನ್ಯರೇ,

ನಿಮ್ಮ ಪತ್ರವನ್ನು ಸಂಪಾದಕೀಯ ಬಳಗದ ಎಲ್ಲರೂ ಓದಿದ್ದೇವೆ. ಮಕ್ಕಳು ಹಾಳಾಗಬಾರದು ಎಂಬ ನಿಮ್ಮ ಕಳಕಳಿಯಲ್ಲಿ ನನಗೆ ಪೂರ್ಣ ಪಾಲಿದೆ. ಆದರೆ ಹೆದರಿಕೆ ಕಾಯುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ.

ಇಂಥ ಸುದ್ದಿಯನ್ನು ಅತ್ಯಂತ ಗಮನವಿಟ್ಟು ಓದುವವರು ಯಾರು, ಯೋಚಿಸಿ. ಮನೆಯಲ್ಲಿ ಅದೇ ಸಂಕಟ ಇರುವವರು. ಮಗನ ಕೋಣೆಯಲ್ಲಿ ಏನೋ ಸಿಕ್ಕಿ, ಯಾರಿಗೂ ಹೇಳದೆ ಒಳಗೇ ಬೇಯುತ್ತಿರುವ ತಾಯಿ. ಬಿಡಬೇಕೆಂದು ಹಲವು ಸಲ ನಿರ್ಧರಿಸಿ ಬಿಡಲಾಗದ ಹುಡುಗ. ಅವರ ಕಣ್ಣಿಗೆ ಬೀಳುವುದೇನು? ಪೊಲೀಸ್ ಜೀಪು, ಕರವಸ್ತ್ರದಿಂದ ಮುಖ ಮುಚ್ಚಿಕೊಂಡ ಹುಡುಗರು, ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಪೊಟ್ಟಣಗಳು, ಅವುಗಳ ಮಾರುಕಟ್ಟೆ ಬೆಲೆ. ಈ ಸಂಗತಿ ಬಾಯಿಬಿಟ್ಟರೆ ಮುಂದಿನ ಮುಖ ನಮ್ಮದೇ ಎಂದು ಆ ಮನೆ ತೀರ್ಮಾನಿಸುತ್ತದೆ, ಬಾಗಿಲು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ.

ಹೆದರಿಸುವ ಸುದ್ದಿ ಏನು ಮಾಡಬಲ್ಲದು ಎಂಬುದನ್ನು ಅಮೆರಿಕ ಬಹಳ ದುಬಾರಿ ಬೆಲೆ ತೆತ್ತು ಕಲಿತಿದೆ. 1985ರಲ್ಲಿ ಅಲ್ಲಿನ ವೈದ್ಯರೊಬ್ಬರು ಗರ್ಭಿಣಿಯಾಗಿದ್ದಾಗ ಕೊಕೇನ್ ಸೇವಿಸಿದ್ದ 23 ಮಹಿಳೆಯರ ಬಗ್ಗೆ ಒಂದು ಪ್ರಾಥಮಿಕ ಅಧ್ಯಯನ ಪ್ರಕಟಿಸಿದರು. ಅಷ್ಟು ಸಣ್ಣ ಅಧ್ಯಯನದ ಮೇಲೆ ಪತ್ರಿಕೆಗಳೂ ಟಿ.ವಿ.ಯೂ ದೊಡ್ಡ ಕಟ್ಟಡವನ್ನೇ ಕಟ್ಟಿದವು. ‘ಕ್ರ್ಯಾಕ್’ ಎಂದರೆ ಸೇದುವ ಬಗೆಯ ಕೊಕೇನ್; ಅದನ್ನು ಸೇವಿಸಿದ ತಾಯಂದಿರ ಮಕ್ಕಳಿಗೆ ‘ಕ್ರ್ಯಾಕ್ ಬೇಬಿ’ ಎಂಬ ಹೆಸರು ಬಿತ್ತು, ಅದು ಮನೆಮಾತಾಯಿತು. ಈ ಮಕ್ಕಳಿಗೆ ಬುದ್ಧಿ ಬೆಳೆಯುವುದಿಲ್ಲ, ಇವರು ಯಾರನ್ನೂ ಪ್ರೀತಿಸಲಾರರು, ಒಂದು ಇಡೀ ಪೀಳಿಗೆ ಸಮಾಜಕ್ಕೆ ಹೊರೆಯಾಗಲಿದೆ ಎಂದು ಬರೆದರು. ತೆರೆಯ ಮೇಲೆ ತೋರಿಸಿದ ತಾಯಂದಿರಲ್ಲಿ ಹೆಚ್ಚಿನವರು ಬಡ ಕಪ್ಪು ಮಹಿಳೆಯರು. 1989ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದ ಸರ್ಕಾರಿ ಆಸ್ಪತ್ರೆಯೊಂದು ಹೆರಿಗೆಗೆ, ತಪಾಸಣೆಗೆ ಬಂದ ಗರ್ಭಿಣಿಯರ ಮೂತ್ರವನ್ನು ಅವರ ಒಪ್ಪಿಗೆಯಿಲ್ಲದೆ ಪರೀಕ್ಷಿಸಿ, ಕೊಕೇನ್ ಕಂಡುಬಂದರೆ ಪೊಲೀಸರಿಗೆ ತಿಳಿಸತೊಡಗಿತು. ಹೆರಿಗೆಯಾದ ಬೆನ್ನಿಗೇ ಬಂಧನಕ್ಕೊಳಗಾದವರಿದ್ದರು. ಇದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಆ ನಡುವೆ ಆಸ್ಪತ್ರೆಯ ಹೆಸರು ಕೇಳಿಯೇ ಹಿಂದೆ ಸರಿದ ಬಸುರಿಯರ ಲೆಕ್ಕ ಯಾವ ಕಡತದಲ್ಲಿ ಇದ್ದೀತು?

ಅದೇ 1989ರಲ್ಲಿ ಫಿಲಡೆಲ್ಫಿಯಾದಲ್ಲಿ ಹಾಲಮ್ ಹರ್ಟ್ ಎಂಬ ಮಕ್ಕಳ ವೈದ್ಯೆ ಬಡ ಕುಟುಂಬಗಳ ಎರಡು ಗುಂಪಿನ ಶಿಶುಗಳನ್ನು ಆಯ್ದುಕೊಂಡರು. ಒಂದು ಗುಂಪಿನ ತಾಯಂದಿರು ಕೊಕೇನ್ ಸೇವಿಸಿದವರು, ಇನ್ನೊಂದು ಗುಂಪಿನವರು ಸೇವಿಸದವರು. ಮಕ್ಕಳು ದೊಡ್ಡವರಾಗುವವರೆಗೂ ಅವರ ಬೆಳವಣಿಗೆಯನ್ನು ಹರ್ಟ್ ಗಮನಿಸುತ್ತ ಬಂದರು. ಬುದ್ಧಿಶಕ್ತಿಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನ ಮಕ್ಕಳನ್ನು ಹಿಂದಕ್ಕೆ ಎಳೆಯುತ್ತಿದ್ದುದು ಬಡತನ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಸಂಪಾದಕೀಯ ಮಂಡಳಿ ಆ ಕಾಲದ ಬರವಣಿಗೆಯಲ್ಲಿ ತನ್ನದೂ ಪಾಲಿತ್ತು ಎಂದು ಒಪ್ಪಿಕೊಂಡದ್ದು 2018ರಲ್ಲಿ. ಅಷ್ಟರಲ್ಲಿ ಆ ಶಿಶುಗಳು ಮೂವತ್ತರ ಆಸುಪಾಸಿನವರಾಗಿದ್ದರು. ಶಾಲೆಯ ಮೊದಲ ದಿನದಿಂದಲೇ ಆ ಹಣೆಪಟ್ಟಿ ಹೊತ್ತು ಬೆಳೆದವರು ಅವರಲ್ಲಿ ಎಷ್ಟು ಜನರೋ. ನೀವು ಮೇಷ್ಟ್ರು. ದಡ್ಡ ಎಂದು ಮೊದಲೇ ಹೆಸರು ಬಿದ್ದ ಮಗು ತರಗತಿಯಲ್ಲಿ ಹೇಗೆ ಕುಳಿತಿರುತ್ತದೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ನಮ್ಮಲ್ಲಿಗೆ ಬರೋಣ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಮಾದಕವಸ್ತು ಪ್ರಕರಣದಲ್ಲಿ ಕನ್ನಡ ಚಿತ್ರರಂಗದ ಇಬ್ಬರು ನಟಿಯರನ್ನು ಬಂಧಿಸಿದಾಗ ವಾರಗಟ್ಟಲೆ ನಡೆದ ಪ್ರಸಾರ ನಿಮಗೂ ನೆನಪಿರಬೇಕು. ಮರುವರ್ಷ ಅಕ್ಟೋಬರ್‌ನಲ್ಲಿ ಮುಂಬೈಯ ಹಡಗಿನ ಮಾದಕವಸ್ತು ಪ್ರಕರಣದಲ್ಲಿ ನಟ ಶಾರುಖ್ ಖಾನ್ ಅವರ ಮಗ ಆರ್ಯನ್ ಖಾನ್ ಬಂಧನವಾದಾಗಲೂ ಅದೇ ನಡೆಯಿತು. 2022ರ ಮೇ ತಿಂಗಳಲ್ಲಿ ಕೇಂದ್ರದ ಮಾದಕವಸ್ತು ನಿಯಂತ್ರಣ ಸಂಸ್ಥೆಯಾದ ಎನ್‌ಸಿಬಿ ತನ್ನ ಆರೋಪಪಟ್ಟಿಯಿಂದ ಆ ಯುವಕನ ಹೆಸರನ್ನೇ ಕೈಬಿಟ್ಟಿತು, ಸಾಕಷ್ಟು ಪುರಾವೆ ಇಲ್ಲವೆಂದು. ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ಸುದ್ದಿ ಪ್ರಸಾರದ ಬಗ್ಗೆ 2021ರ ಜನವರಿಯಲ್ಲಿ ತೀರ್ಪು ಕೊಟ್ಟ ಬಾಂಬೆ ಹೈಕೋರ್ಟ್, ಮಾಧ್ಯಮಗಳೇ ವಿಚಾರಣೆ ನಡೆಸುವುದು ನ್ಯಾಯದಾನಕ್ಕೆ ಅಡ್ಡಿ ಎಂದು ಸ್ಪಷ್ಟವಾಗಿ ಹೇಳಿತ್ತು. ತಪ್ಪು ಸರಿಗಳ ತೀರ್ಮಾನ ನ್ಯಾಯಾಲಯದ್ದು, ಅದನ್ನು ಇಲ್ಲಿ ಬೆಳೆಸುವುದಿಲ್ಲ. ನನ್ನನ್ನು ಕಾಡುವುದು ಬೇರೆ. ಅಷ್ಟೊಂದು ಗಂಟೆಗಳ ಮಾತಿನಲ್ಲಿ ವ್ಯಸನ ಎಂಬುದು ಚಿಕಿತ್ಸೆ ಇರುವ ಕಾಯಿಲೆ ಎಂದು ಎಷ್ಟು ನಿರೂಪಕರು ಹೇಳಿದರು? ಮಾದಕವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಹೆಸರನ್ನು ಸಾವಿರ ಸಲ ಹೇಳಿದವರು ಅದೇ ಕಾಯ್ದೆಯ 64ಎ ಸೆಕ್ಷನ್ ಅನ್ನು ಒಮ್ಮೆಯಾದರೂ ಓದಿ ಹೇಳಬಹುದಿತ್ತು. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ ಎನ್ನುತ್ತದೆ ಅದು. ಚಿಕಿತ್ಸೆಯನ್ನು ಪೂರ್ತಿಗೊಳಿಸದಿದ್ದರೆ ಆ ರಕ್ಷಣೆ ಹೋಗಬಹುದು. 1985ರ ಆ ಕಠಿಣ ಕಾಯ್ದೆ ಇಟ್ಟುಕೊಂಡಿರುವಷ್ಟು ದಯೆಯನ್ನೂ ನಮ್ಮ ಸುದ್ದಿಮನೆಗಳು ಇಟ್ಟುಕೊಂಡಿಲ್ಲ.

ಮುಖದ ವಿಷಯದಲ್ಲೂ ಕಾನೂನು ಮೌನವಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಚಿಕಿತ್ಸೆ ಪಡೆಯುತ್ತಿರುವವರ ಭಾವಚಿತ್ರವನ್ನಾಗಲಿ ವಿವರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಕೂಡದು ಎಂದು ಅದರ 24ನೆಯ ಸೆಕ್ಷನ್ ಹೇಳುತ್ತದೆ. 2019ರಲ್ಲಿ ಭಾರತೀಯ ಪತ್ರಿಕಾ ಮಂಡಳಿಯೂ ಇದನ್ನೇ ಹೇಳಿದೆ. ನಮ್ಮ ವರದಿಯ ಹುಡುಗರಲ್ಲಿ ಇಬ್ಬರು ಆಗಲೇ ಚಿಕಿತ್ಸೆಗೆ ಸೇರಿದ್ದರು. ಸೇರಿರದಿದ್ದರೂ ನಾವು ಅವರ ಮುಖ ಅಚ್ಚು ಹಾಕುತ್ತಿರಲಿಲ್ಲ. ಇಪ್ಪತ್ತು ವರ್ಷದ ಹುಡುಗ ನಾಳೆ ಕೆಲಸ ಕೇಳಿಕೊಂಡು ಹೋಗಬೇಕು, ಮದುವೆಯಾಗಬೇಕು, ಊರಿನಲ್ಲಿ ತಲೆಯೆತ್ತಿ ನಡೆಯಬೇಕು. ಅಂತರ್ಜಾಲದಲ್ಲಿ ಉಳಿದುಹೋದ ಒಂದು ಭಾವಚಿತ್ರ ಇಷ್ಟಕ್ಕೂ ಅಡ್ಡ ನಿಲ್ಲುತ್ತದೆ.

ಕುಡಿತವನ್ನೂ ಗಾಂಜಾವನ್ನೂ ಜೊತೆಗೆ ಬರೆದದ್ದು ಉದ್ದೇಶಪೂರ್ವಕ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ, ಗಾಂಜಾ, ಭಂಗಿ, ಚರಸ್ ಬಳಸುವವರು ಸುಮಾರು 3.1 ಕೋಟಿ. ಮದ್ಯಕ್ಕೆ ದಾಸರಾದ ಪ್ರತಿ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ. ಉಳಿದ 37 ಜನರ ಸುದ್ದಿ ನಮ್ಮಲ್ಲಿ ತಮಾಷೆಯಾಗಿ ಬರುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಮದ್ಯದಂಗಡಿಗಳು ದಿಢೀರನೆ ಮುಚ್ಚಿದಾಗ, ಕುಡಿಯಲು ಸಿಗದೆ ಜೀವ ಕಳೆದುಕೊಂಡವರ ಸುದ್ದಿ ಕೇರಳದಿಂದಲೂ ನಮ್ಮ ರಾಜ್ಯದಿಂದಲೂ ಬಂತು. ನಿತ್ಯ ಹೆಚ್ಚಾಗಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಳ್ಳಬಹುದು, ವೈದ್ಯರಿಲ್ಲದಿದ್ದರೆ ಸಾವೂ ಬರಬಹುದು. ಊರೂರಿಗೆ ತಲುಪಬೇಕಾಗಿದ್ದ ಸುದ್ದಿ ಇದು. ಮೇ 4ರಂದು ಅಂಗಡಿಗಳು ತೆರೆದಾಗ ನಾವು ನೋಡಿದ್ದಾದರೂ ಏನು? ಸರತಿ ಸಾಲು, ಅದರ ಹಿಂದೆ ಹಾಸ್ಯದ ಸಂಗೀತ, ಸಾಲಿನಲ್ಲಿ ನಿಂತ ಕೂಲಿಯವನ ಮುಖದ ಹತ್ತಿರಕ್ಕೇ ಹಿಡಿದ ಮೈಕು. ನನಗೆ ಆ ದೃಶ್ಯ ಇಂದಿಗೂ ಹೇಸಿಗೆ ಹುಟ್ಟಿಸುತ್ತದೆ. ಅದರ ಹಿಂದಿನ ವರ್ಷ ಜನವರಿಯಲ್ಲಿ ಮದ್ಯನಿಷೇಧ ಕೇಳುತ್ತ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಬಂದರು. ನಿಷೇಧದಿಂದ ಕುಡಿತ ನಿಲ್ಲುತ್ತದೆಯೇ ಎಂಬುದು ಬೇರೆ ಚರ್ಚೆ. ಆದರೆ ಕುಡಿತ ಒಂದು ಮನೆಗೆ ಏನು ಮಾಡುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ನಟಿಯರ ಮನೆ ಮುಂದೆ ಹಗಲಿರುಳು ನಿಂತ ಕ್ಯಾಮೆರಾಗಳಲ್ಲಿ ಎಷ್ಟು ಅವರ ಜೊತೆ ಹೆಜ್ಜೆ ಹಾಕಿದವು?

ಮಾರಾಟ ಜಾಲಗಳ ಬಗ್ಗೆ, ಅವುಗಳನ್ನು ಪೋಷಿಸುವವರ ಬಗ್ಗೆ ನಾವು ಬರೆದಿದ್ದೇವೆ, ಹೆಸರು ಹಾಕಿಯೇ ಬರೆಯುತ್ತೇವೆ. ಅಲ್ಲಿ ನಿಮ್ಮ ಕೋಪಕ್ಕೂ ನಮ್ಮ ಕೋಪಕ್ಕೂ ಅಂತರವಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ತಂದೆತಾಯಿ ಮೊದಲು ಹೋಗಬೇಕಾದದ್ದು ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮನೆಯಿಂದಲೇ ಮಾತನಾಡಬೇಕೆನ್ನುವವರಿಗೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416. ಈ ಸಂಖ್ಯೆಗಳನ್ನು ಇನ್ನು ಮುಂದೆ ವ್ಯಸನದ ಬಗ್ಗೆ ನಾವು ಪ್ರಕಟಿಸುವ ಪ್ರತಿ ವರದಿಯ ಕೆಳಗೂ ಹಾಕುತ್ತೇವೆ. ಬೀಗ ಹಾಕಿ ಕೂಡಿಡುವ, ಹೊಡೆದು ಬಿಡಿಸುತ್ತೇವೆ ಎನ್ನುವ ಖಾಸಗಿ ಕೇಂದ್ರಗಳಿಗೆ ಮಾತ್ರ ಮಗನನ್ನು ಒಪ್ಪಿಸಬೇಡಿ ಎಂದು ನಿಮ್ಮ ಪರಿಚಯದವರಿಗೆ ದಯವಿಟ್ಟು ತಿಳಿಸಿ. ಸೇರಿಸುವ ಮುನ್ನ ಅಲ್ಲಿ ಮನೋವೈದ್ಯರು ಇದ್ದಾರೆಯೇ, ನೋಂದಣಿ ಆಗಿದೆಯೇ, ಮನೆಯವರು ಬಂದು ನೋಡಬಹುದೇ ಎಂದು ಕೇಳಲಿ.

— ಸಂಪಾದಕ